ನಿಂತ ಮಗ್ಗ ಮತ್ತೆ ನಡೆದ ಬಗೆ

ದೊಡ್ಡ ದೊಡ್ಡ ರಾಜ್ಯಗಳು ಉದಯಿಸಿ ಅಳಿದ ಕಥೆಯನ್ನು ನಮ್ಮ ಪಾಠಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆ. ಆದರೆ ಒಂದು ಊರಿನ ಮಗ್ಗಗಳು ಒಮ್ಮೆಲೇ ನಿಂತುಹೋದಾಗ, ಒಂದು ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಾಗ, ಆ ಮನೆತನಗಳು ಹೇಗೆ ಬದುಕಿದವು, ಯಾವಾಗ ಮತ್ತೆ ಕಸುಬಿಗೆ ಕುಳಿತವು ಎಂಬ ಅಧ್ಯಾಯ ಅವುಗಳಲ್ಲಿ ಕಾಣಸಿಗುವುದು ಅಪರೂಪ. ನಾವು ಪಾಠ ಹೇಳುವ ಮಕ್ಕಳಲ್ಲಿ ಅನೇಕರು ಇಂತಹ ಸಣ್ಣ ಕಸುಬಿನ ಮನೆಗಳಿಂದ ಬರುವವರು. ಆದಕಾರಣ ಈ ಅಧ್ಯಾಯವನ್ನು ನಾವೇ ಕೈಲಾದಷ್ಟು ಬರೆದುಕೊಳ್ಳಬೇಕಾಗಿದೆ. ಒಂದೇ ವಿಪತ್ತಿಗೆ ಸಿಕ್ಕಿದ ಎರಡು ಮನೆಗಳಲ್ಲಿ ಒಂದು ವರ್ಷದೊಳಗೆ ತಲೆಯೆತ್ತುತ್ತದೆ. ಇನ್ನೊಂದು ಎರಡು ತಲೆಮಾರಿನವರೆಗೂ ಸಾಲದಲ್ಲಿ ಉಳಿಯುತ್ತದೆ. ಇದು ಬರಿಯ ಹಣೆಬರಹವೆಂದು ಹೇಳಿ ಸುಮ್ಮನಾಗಬಹುದೇ? ಕೊಯಮತ್ತೂರು ಸೀಮೆಯ ಇತಿಹಾಸವನ್ನು ನೋಡಿದರೆ ಹಾಗೆ ತೋರುವುದಿಲ್ಲ.

ಈ ಸೀಮೆಗೂ ಕನ್ನಡಕ್ಕೂ ಇರುವ ನಂಟು ಹಳೆಯದು. 1799ರವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಮನೆಯಲ್ಲಿ ಕನ್ನಡವನ್ನಾಡುವ ದೇವಾಂಗ ನೇಕಾರರು ಕೊಯಮತ್ತೂರಿನಲ್ಲಿಯೂ ಸಿರುಮುಗೈ, ನೆಗಮಂ ಮೊದಲಾದ ಊರುಗಳಲ್ಲಿಯೂ ತಲೆತಲಾಂತರದಿಂದ ನೆಲೆಸಿ, ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುತ್ತ, ನೇಯ್ಗೆಯಿಂದ ಹೊಟ್ಟೆ ಹೊರೆದುಕೊಂಡು ಬಂದವರು. ನಮ್ಮ ಮದುಕ್ಕರೈ ಸುಣ್ಣಕಲ್ಲಿನ ಊರು. 1934ರಲ್ಲಿ ಸ್ಥಾಪಿತವಾದ ಸಿಮೆಂಟ್ ಕಾರ್ಖಾನೆಯಿಂದ ಹೆಸರಾದದ್ದು. ಅದರ ಬಗಲಿನಲ್ಲಿ ಬೆಳೆದ ಅಂಗಡಿ, ಹೋಟೆಲು, ಹೊಲಿಗೆಯ ಕಸುಬುಗಳೂ ನೇಕಾರನ ಮಗ್ಗದಂತೆಯೇ ಸಣ್ಣ ಉದ್ಯಮಗಳು. ಆದರೆ ಇವುಗಳಲ್ಲೆಲ್ಲ ಹೆಚ್ಚು ವಿಪತ್ತುಗಳನ್ನು ಕಂಡು ಉಳಿದದ್ದು ಮಗ್ಗ. ಆದುದರಿಂದ ಅದರ ಕಥೆಯನ್ನೇ ಮೊದಲು ನೋಡೋಣ.

ಹೊರಗಿನಿಂದ ನೋಡುವವರಿಗೆ ನೇಕಾರನ ಬಂಡವಾಳವೆಂದರೆ ಅವನ ಮಗ್ಗ. ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ, ಹಣಿಗೆ, ಲಾಳಿ, ರಾಟೆ ಇಷ್ಟಿದ್ದರೆ ಕಸುಬು ನಡೆಯುತ್ತದೆಂದು ಅವರು ತಿಳಿಯುತ್ತಾರೆ. ನಿಜವಾಗಿ ನೋಡಿದರೆ ಅವನ ಉದ್ಯಮ ನಾಲ್ಕು ಎಳೆಗಳ ಮೇಲೆ ನಿಂತಿದೆ. ನೂಲು ಕೊಡುವವರು ಒಂದು ಎಳೆ; ಬಟ್ಟೆ ಮಾರಾಟವಾಗುವವರೆಗೆ ಅನ್ನಕ್ಕೆ ಆಧಾರವಾಗುವ ಸಾಲ ಎರಡನೆಯದು; ಬಟ್ಟೆಯನ್ನು ಕೊಳ್ಳುವವರು ಮೂರನೆಯದು; ಮನೆಮಂದಿಯ ಕೈಗಳು ನಾಲ್ಕನೆಯದು. ನೂಲು ಸುತ್ತುವುದಕ್ಕೆ ಮಕ್ಕಳು ಮುದುಕರು, ಹಾಸು ಹೂಡುವುದಕ್ಕೆ ಗಂಡಸರು ಹೆಂಗಸರು ಎಲ್ಲರೂ ಬೇಕು. ಈ ನಾಲ್ಕರಲ್ಲಿ ಯಾವ ಎಳೆ ಕಡಿದರೂ ಮಗ್ಗ ನಿಲ್ಲುತ್ತದೆ.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮದಲ್ಲಿ ಮೂರನೆಯ ಎಳೆ ಕಡಿಯಿತು. ಕೊಯಮತ್ತೂರು ಜಿಲ್ಲೆಯ ಜನಸಂಖ್ಯೆ 1871ಕ್ಕಿಂತ 1881ರಲ್ಲಿ ಕಡಿಮೆಯಿದ್ದಿತೆಂದ ಮೇಲೆ ಆ ಕ್ಷಾಮದ ಉಗ್ರತೆಯನ್ನು ಬೇರೆ ವರ್ಣಿಸಬೇಕಾಗಿಲ್ಲ. ಮಳೆ ಬಾರದಿದ್ದರೆ ಒಕ್ಕಲಿಗನ ಹೊಲ ಒಣಗುತ್ತದೆ. ನೇಕಾರನ ಮಗ್ಗ ಒಣಗುವುದಿಲ್ಲವಲ್ಲ ಎಂದು ಮಕ್ಕಳು ಕೇಳಬಹುದು. ಉತ್ತರ ಸುಲಭವಾಗಿದೆ. ಹೊಟ್ಟೆಗಿಲ್ಲದವನು ಮೊದಲು ನಿಲ್ಲಿಸುವ ಖರ್ಚೇ ಬಟ್ಟೆಯ ಖರ್ಚು. ಹಳೆಯ ಸೀರೆಗೆ ತೇಪೆ ಹಾಕಿ ಇನ್ನೊಂದು ವರ್ಷ ಉಡಬಹುದು. ಅನ್ನವನ್ನು ಹಾಗೆ ಮುಂದೂಡಲಾಗದು. ಹೀಗಾಗಿ ಕ್ಷಾಮ ಬಂದೊಡನೆ ಕೆಲಸ ಕಳೆದುಕೊಂಡವರಲ್ಲಿ ನೇಕಾರರು ಮೊದಲಿಗರು. ಪರಿಹಾರದ ಕೆಲಸವೆಂದರೆ ಅಂದು ಕೆರೆ ತೋಡುವುದು, ಕಲ್ಲು ಒಡೆಯುವುದು. ಮೃದುವಾದ ನೂಲನ್ನು ಹಿಡಿದು ಬದುಕಿದ ಕೈಗಳು ಒಂದು ವರ್ಷ ಕಲ್ಲು ಒಡೆದರೆ, ಮಳೆ ಬಂದ ಮೇಲೆಯೂ ಅವು ಲಾಳಿಗೆ ಒಗ್ಗುವುದು ಕಷ್ಟ. ಈ ಸತ್ಯವನ್ನು ಸರ್ಕಾರವೂ ಕ್ರಮೇಣ ಮನಗಂಡಿತು. ಮದ್ರಾಸ್ ಪ್ರಾಂತದ ಮುಂದಿನ ಕ್ಷಾಮ ಪರಿಹಾರ ವ್ಯವಸ್ಥೆಯಲ್ಲಿ ನೇಕಾರರಿಗೆ ನೂಲು ಒದಗಿಸಿ, ಅವರ ಸ್ವಂತ ಕಸುಬಿನಲ್ಲಿಯೇ ಕೂಲಿ ಕೊಡುವ ಕ್ರಮಕ್ಕೆ ಎಡೆ ದೊರೆಯಿತು. ಅನ್ನವಿಕ್ಕುವುದು ಒಂದು ಉಪಕಾರ. ಕಸುಬು ನಿಲ್ಲದಂತೆ ನೋಡಿಕೊಳ್ಳುವುದು ಅದಕ್ಕಿಂತ ದೂರ ಸಾಗುವ ಉಪಕಾರ.

ಎರಡನೆಯ ವಿಪತ್ತು ಪ್ಲೇಗು. 1896ರಲ್ಲಿ ಮುಂಬಯಿಯನ್ನೂ 1898ರಲ್ಲಿ ಬೆಂಗಳೂರನ್ನೂ ಹೊಕ್ಕ ಈ ವ್ಯಾಧಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಯಮತ್ತೂರಿಗೆ ಬಂದು, ಹಲವು ವರ್ಷಗಳವರೆಗೆ ಮತ್ತೆ ಮತ್ತೆ ಮರುಕಳಿಸಿತು. 1901ರ ಜನಗಣತಿಯಲ್ಲಿ 53,080 ಇದ್ದ ಪಟ್ಟಣದ ಜನಸಂಖ್ಯೆ 1911ರಲ್ಲಿ 47,007ಕ್ಕೆ ಇಳಿಯಿತು. ನಗರದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ಭಯದ ಸಾಕ್ಷಿಗಳಾಗಿ ನಿಂತಿವೆ. ಇಲಿ ಬಿದ್ದ ಮನೆಯನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ಅಂದಿನ ಕಾಲದ ರೂಢಿ. ವ್ಯಾಪಾರಿಯಾದವನು ತಕ್ಕಡಿಯನ್ನು ಹೊತ್ತೊಯ್ಯಬಲ್ಲನು. ನೆಲದ ಗುಂಡಿಯಲ್ಲಿ ಹೂಡಿದ ಮಗ್ಗವನ್ನು ಹೊತ್ತೊಯ್ಯುವುದು ಹೇಗೆ? ಇಲ್ಲಿ ಕಡಿದದ್ದು ನಾಲ್ಕನೆಯ ಎಳೆ. ಮಗ್ಗ ಒಂದೆಡೆ, ಮನುಷ್ಯರು ಇನ್ನೊಂದೆಡೆ. ಮನೆಗೆ ಮರಳಿದ ಮೇಲೆಯೂ ಕೈಗಳು ಕಡಿಮೆಯಾಗಿರುತ್ತಿದ್ದವು. ಹಾಸು ಹೂಡುವ ಜಾಣ್ಮೆ ಒಬ್ಬನಲ್ಲಿಯೇ ಇದ್ದು ಅವನು ತೀರಿಕೊಂಡಿದ್ದರೆ ಉಳಿದವರಿಗೆ ಮಗ್ಗವಿದ್ದೂ ಇಲ್ಲದಂತೆಯೇ ಸರಿ. ಬಲ್ಲ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಡುವುದು ಕೂಡ ಒಂದು ಸಂಗ್ರಹ. ಕಳ್ಳರಾಗಲಿ ಬೆಂಕಿಯಾಗಲಿ ಮುಟ್ಟಲಾರದ ಸಂಗ್ರಹ.

ಮೂರನೆಯದು ದೂರದ ಯುದ್ಧಗಳಿಂದ ಬಂದದ್ದು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಬಣ್ಣಗಳು ಬರುವುದು ನಿಂತು, ಬಣ್ಣದ ನೂಲಿನ ಬೆಲೆ ಏರಿತು. ಗಿಡಮೂಲಿಕೆಗಳ ಬಣ್ಣವನ್ನು ಅಷ್ಟರಲ್ಲಾಗಲೇ ಬಹುಮಟ್ಟಿಗೆ ಬಿಟ್ಟುಕೊಟ್ಟಿದ್ದರಿಂದ ಕೂಡಲೇ ಹಿಂದಿರುಗಲು ದಾರಿಯಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನೂಲಿಗೇ ಕೊರತೆ ಬಂದಿತು. 1943ರಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹೇರಲಾಯಿತು. ಕೊಯಮತ್ತೂರಿನಲ್ಲಿ 1888ರಷ್ಟು ಹಿಂದೆಯೇ ನೂಲಿನ ಗಿರಣಿ ಸ್ಥಾಪನೆಯಾಗಿತ್ತು; 1932ರಲ್ಲಿ ಪೈಕಾರದ ಜಲವಿದ್ಯುತ್ತು ದೊರೆತ ಮೇಲೆ ಗಿರಣಿಗಳ ಸಂಖ್ಯೆ ಬಹಳವಾಗಿ ಬೆಳೆದಿತ್ತು. ಅಂತಹ ಜಿಲ್ಲೆಯಲ್ಲಿಯೂ ಗಿರಣಿಯ ಬಾಗಿಲಲ್ಲೇ ವಾಸಿಸುವ ನೇಕಾರನು ನೂಲಿಗಾಗಿ ಪರದಾಡಬೇಕಾಗಬಹುದೆಂದರೆ, ಸರಕು ಹತ್ತಿರದಲ್ಲಿದೆ ಎಂಬ ಮಾತ್ರಕ್ಕೆ ಅದು ನಮ್ಮದಲ್ಲವೆಂಬುದು ಸ್ಪಷ್ಟವಾಗುತ್ತದೆ.

ನಾಲ್ಕನೆಯದು ಸ್ವಾತಂತ್ರ್ಯಾನಂತರದ ಮಾತು. 1952ರ ಹೊತ್ತಿಗೆ ನೂಲು ಸಿಕ್ಕುವಂತಾಗಿತ್ತು. ಆದರೆ ಗಿರಣಿಯ ಪಂಚೆ ಸೀರೆಗಳ ಎದುರು ಕೈಮಗ್ಗದ ಬಟ್ಟೆ ಮಾರಾಟವಾಗದೆ ಮದ್ರಾಸ್ ರಾಜ್ಯದಲ್ಲೆಲ್ಲ ದಾಸ್ತಾನು ಬಿದ್ದಿತು. ಅಂದು ಮುಖ್ಯಮಂತ್ರಿಗಳಾಗಿದ್ದ ಶ್ರೀ ರಾಜಗೋಪಾಲಾಚಾರ್ಯರು ಪಂಚೆ ಸೀರೆಗಳ ನೇಯ್ಗೆಯನ್ನು ಕೈಮಗ್ಗಕ್ಕೆ ಮೀಸಲಿಡಬೇಕೆಂದು ವಾದಿಸಿದರು. ಅದೇ ವರ್ಷ ಅಖಿಲ ಭಾರತ ಕೈಮಗ್ಗ ಮಂಡಳಿ ಸ್ಥಾಪಿತವಾಯಿತು. ಗಿರಣಿಗಳ ಪಂಚೆಯ ಉತ್ಪಾದನೆಗೆ ಮಿತಿ ಹಾಕಲಾಯಿತು. 1953ರಲ್ಲಿ ಗಿರಣಿ ಬಟ್ಟೆಯ ಮೇಲೆ ಗಜಕ್ಕೆ ಮೂರು ಪೈಯಂತೆ ಸುಂಕ ವಿಧಿಸಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗಗಳ ಏಳ್ಗೆಗೆ ಬಳಸುವ ಕಾನೂನು ಬಂದಿತು. ಇಷ್ಟೆಲ್ಲ ನೆರವು ದೊರೆತದ್ದು ನೇಕಾರರು ಸಾವಿರಗಟ್ಟಲೆ ಮಗ್ಗಗಳನ್ನು ನಿಲ್ಲಿಸಬೇಕಾಗಿ ಬಂದ ಮೇಲೆ ಎಂಬುದನ್ನು ಮರೆಯಲಾಗದು. ಸರ್ಕಾರದ ಕೈ ದೊಡ್ಡದು, ಆದರೆ ಅದರ ನಡಿಗೆ ನಿಧಾನ. ಆ ನಡುವಿನ ತಿಂಗಳುಗಳನ್ನು ದಾಟುವ ಉಪಾಯವನ್ನು ಮನೆಯವರೇ ಮಾಡಿಕೊಂಡಿರಬೇಕಾಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಕ್ಷಾಮದಲ್ಲಿ ಮಗ್ಗ ಮುರಿಯಲಿಲ್ಲ, ಕೊಳ್ಳುವವರು ಇಲ್ಲವಾದರು. ಪ್ಲೇಗಿನಲ್ಲಿ ಮಗ್ಗ ಮುರಿಯಲಿಲ್ಲ. ನೇಯುವ ಕೈಗಳು ದೂರವಾದವು. ಯುದ್ಧಕಾಲದಲ್ಲಿ ನೂಲಿಲ್ಲವಾಯಿತು, 1952ರಲ್ಲಿ ಸಂತೆಯಿಲ್ಲವಾಯಿತು. ಎಲ್ಲ ಸಂದರ್ಭಗಳಲ್ಲಿಯೂ ಮಗ್ಗವೆಂಬ ಮರದ ಸಾಧನ ಇದ್ದಲ್ಲಿಯೇ ಇತ್ತು. ಕಡಿದದ್ದು ಅದನ್ನು ಲೋಕದೊಡನೆ ಕಟ್ಟಿದ್ದ ಎಳೆ. ದೊಡ್ಡ ಉದ್ಯಮಗಳೂ ಈ ನಿಯಮಕ್ಕೆ ಹೊರತಲ್ಲ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಹಡಗುಗಳು ಬಾರದಾದಾಗ, ಲೋಕಕ್ಕೆಲ್ಲ ಬಟ್ಟೆ ಮಾರುತ್ತಿದ್ದ ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಗಿರಣಿಗಳೇ ನಿಂತು, ಕೆಲಸಗಾರರು ಗಂಜಿಯ ಸಾಲಿನಲ್ಲಿ ನಿಲ್ಲಬೇಕಾಯಿತು. ಯಂತ್ರಗಳೆಲ್ಲ ಸುಸ್ಥಿತಿಯಲ್ಲಿದ್ದವು, ಒಂದೇ ದೇಶದ ಹತ್ತಿಯನ್ನು ಬಹುವಾಗಿ ನೆಚ್ಚಿದ್ದೇ ಅವುಗಳ ಕುಂದು.

ಹಾಗಾದರೆ ಎಳೆ ಕಡಿದಾಗ ಮನೆಯನ್ನು ಮುಳುಗಿಸುತ್ತಿದ್ದುದು ಯಾವುದು? ಬಹುಮಟ್ಟಿಗೆ ಸಾಲ. ನೂಲು ಕೊಡುವವನೂ, ಮುಂಗಡ ಕೊಡುವವನೂ, ಬಟ್ಟೆ ಕೊಳ್ಳುವವನೂ ಒಬ್ಬನೇ ಸಾವಕಾರನಾಗಿದ್ದರೆ ಮೂರು ಎಳೆಗಳೂ ಒಂದೇ ಗಂಟಿನಲ್ಲಿ ಸೇರಿದಂತಾಯಿತು. ಸುಖದ ದಿನಗಳಲ್ಲಿ ಇದು ಅನುಕೂಲವೇ ಸರಿ. ಊರೂರು ಅಲೆಯುವ ಶ್ರಮವಿಲ್ಲ. ಆದರೆ ಕಷ್ಟಕಾಲದಲ್ಲಿ ಮುಂಗಡ ಬೆಳೆಯುತ್ತದೆ. ಮಗ್ಗ ಮತ್ತೆ ನಡೆಯತೊಡಗಿದ ಮೇಲೆ ಕೂಲಿಯಲ್ಲಿ ಹಿಡಿತ ಆರಂಭವಾಗುತ್ತದೆ. ಬೇರೊಬ್ಬನಿಗೆ ನೇಯುವ ಸ್ವಾತಂತ್ರ್ಯವೂ ಹೋಗುತ್ತದೆ. ಆಗ ವಿಪತ್ತು ಮುಗಿದರೂ ಅದರ ಬಾಡಿಗೆ ಮುಗಿಯುವುದಿಲ್ಲ.

ಈ ಗಂಟನ್ನು ಬಿಡಿಸಲು ಹುಟ್ಟಿದ್ದು ಸಹಕಾರ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಬಡ ನೇಕಾರರೂ ಇತರ ಕೆಲಸಗಾರರೂ ಕೂಡಿ ತೆರೆದ ಅಂಗಡಿಯಿಂದ ಆ ಚಳವಳಿ ಲೋಕಪ್ರಸಿದ್ಧವಾಯಿತು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಂಘ ಸ್ಥಾಪಿತವಾದದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಕೊಯಮತ್ತೂರು ಸೀಮೆಯಲ್ಲಿ ಶ್ರೀ ಟಿ. ಎ. ರಾಮಲಿಂಗಂ ಚೆಟ್ಟಿಯಾರರು ಸಹಕಾರ ಚಳವಳಿಗೆ ದುಡಿದು ಹೆಸರಾದರು. 1935ರಲ್ಲಿ ಮದ್ರಾಸ್ ಪ್ರಾಂತದ ಕೈಮಗ್ಗ ನೇಕಾರರ ಸಹಕಾರ ಸಂಘ ಹುಟ್ಟಿತು; ಇಂದು ಕೋ-ಆಪ್ಟೆಕ್ಸ್ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾಗಿರುವುದು ಅದೇ. ಊರಿನ ಸಂಘ ನೂಲು ಕೊಟ್ಟು ಕೂಲಿ ಕೊಡುವುದು. ಮೇಲಿನ ಸಂಘ ಬಟ್ಟೆಯನ್ನು ಕೊಂಡು ದೂರದ ಪೇಟೆಗಳಲ್ಲಿ ಮಾರುವುದು. 1975ರಲ್ಲಿ ತಮಿಳುನಾಡಿನಲ್ಲಿ ಸಹಕಾರಿ ನೇಕಾರರಿಗಾಗಿ ಉಳಿತಾಯ ಮತ್ತು ಭದ್ರತಾ ಯೋಜನೆ ಆರಂಭವಾಗಿ, ನೇಕಾರನ ಕೂಲಿಯಿಂದ ಒಂದು ಸಣ್ಣ ಪಾಲನ್ನು ಹಿಡಿದು ಅದಕ್ಕೆ ಸರ್ಕಾರದ ಪಾಲನ್ನು ಸೇರಿಸಿಡುವ ಏರ್ಪಾಡಾಯಿತು. ಸುಖದ ದಿನದ ಒಂದು ಹಿಡಿಯನ್ನು ಕಷ್ಟದ ದಿನಕ್ಕೆ ಎತ್ತಿಡುವ ನಮ್ಮ ಅಜ್ಜಿಯರ ಕ್ರಮವೇ ಇದು. ಬೀಗದ ಕೈ ಮಾತ್ರ ಸಂಘದ ಬಳಿ ಇರುತ್ತದೆ. ಆದರೆ ಸಂಘವೂ ಒಬ್ಬನೇ ಕೊಳ್ಳುಗನನ್ನು ನೆಚ್ಚಿ ಕುಳಿತರೆ, ಆ ಕೊಳ್ಳುಗನು ಹಣ ತಡಮಾಡಿದೊಡನೆ ಊರಿಗೆ ಊರೇ ಕಾಯಬೇಕಾಗುತ್ತದೆಂಬುದನ್ನೂ ಹೇಳದಿರಲಾಗದು.

ಈವರೆಗೆ ಎಳೆ ಕಡಿಯುವ ವಿಪತ್ತುಗಳನ್ನು ನೋಡಿದೆವು. ಸರಕೇ ನಾಶವಾಗುವ ವಿಪತ್ತುಗಳೂ ಉಂಟು. 1997ರ ನವೆಂಬರ್ ಕೊನೆಯಲ್ಲಿ ಕೊಯಮತ್ತೂರಿನಲ್ಲಿ ನಡೆದ ಗಲಭೆಗಳಲ್ಲಿ ಅಂಗಡಿಗಳು ಲೂಟಿಯಾದವು, ಬೆಂಕಿಗೆ ಆಹುತಿಯಾದವು. ಮೂರು ತಿಂಗಳು ಕಳೆಯುವ ಮುನ್ನ, 1998ರ ಫೆಬ್ರವರಿ 14ರಂದು, ನಗರದ ಹಲವೆಡೆ ಬಾಂಬುಗಳು ಸಿಡಿದು 58 ಮಂದಿ ಪ್ರಾಣ ಕಳೆದುಕೊಂಡರು. ಮನುಷ್ಯರ ಪ್ರಾಣದ ಮುಂದೆ ಸರಕಿನ ಮಾತು ಸಣ್ಣದು. ಆದರೂ ಬದುಕಿ ಉಳಿದ ಅಂಗಡಿಯವನು ಮಕ್ಕಳನ್ನು ಸಾಕಲೇಬೇಕು. ಸುಟ್ಟ ಅಂಗಡಿಯಲ್ಲಿ ಎಷ್ಟು ಸರಕಿತ್ತೆಂದು ತೋರಿಸುವ ಕಿರ್ದಿ ಖಾತೆಗಳೂ ಅದೇ ಅಂಗಡಿಯಲ್ಲಿ ಸುಟ್ಟುಹೋದರೆ ಅವನು ಏನನ್ನು ತೋರಿಸಿ ಪರಿಹಾರ ಕೇಳಿಯಾನು? ಲೆಕ್ಕದ ಒಂದು ಪ್ರತಿ ಅಂಗಡಿಯ ಹೊರಗೆ, ಬೇರೊಂದು ಸೂರಿನ ಕೆಳಗೆ ಇರಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ವಿಮೆಯ ವಿಷಯದಲ್ಲಿಯೂ ಒಂದು ಮಾತುಂಟು. ಇದನ್ನು ಮೇಲ್ತರಗತಿಯ ಮಕ್ಕಳಿಗೆ ಲೆಕ್ಕವಾಗಿಯೇ ಕೊಡಬಹುದು. ಒಬ್ಬನ ಸರಕಿನ ನಿಜವಾದ ಬೆಲೆ 2,00,000 ರೂಪಾಯಿ. ಕಂತು ಕಡಿಮೆಯಾಗಲೆಂದು ಅವನು 1,00,000 ರೂಪಾಯಿಗೆ ಮಾತ್ರ ವಿಮೆ ಮಾಡಿಸಿದ್ದಾನೆ. ಬೆಂಕಿಯಲ್ಲಿ 50,000 ರೂಪಾಯಿಯ ಸರಕು ನಾಶವಾಯಿತು. ಅವನಿಗೆ ದೊರೆಯುವುದೆಷ್ಟು? ಐವತ್ತು ಸಾವಿರವೆಂದು ಮಕ್ಕಳು ಹೇಳುವರು. ಸರಾಸರಿಯ ನಿಯಮದಂತೆ ದೊರೆಯುವುದು 25,000 ಮಾತ್ರ. ಅರ್ಧ ಬೆಲೆಗೆ ವಿಮೆ ಮಾಡಿಸಿದವನಿಗೆ ಅರ್ಧ ಹಾನಿಯೇ ಭರ್ತಿಯಾಗುತ್ತದೆ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗಾಗಿ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ವಿಮೆಯಲ್ಲಿ ಇಂತಹ ಕೊರತೆ ನೂರಕ್ಕೆ 15ರವರೆಗೆ ಇದ್ದರೆ ಮನ್ನಿಸಲಾಗುತ್ತದೆ. ಅದನ್ನು ಮೀರಿದರೆ ಇಲ್ಲ. ಕಟ್ಟಡಕ್ಕೆ ಮಾಡಿಸಿದ ವಿಮೆ ಒಳಗಿನ ಸರಕಿಗೆ ತಾನಾಗಿ ಅನ್ವಯಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು.

ನಮ್ಮ ಕೈಯಿಂದಲೇ ಬರುವ ವಿಪತ್ತುಗಳನ್ನೂ ಮರೆಮಾಚಬಾರದು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಕೊಳಕು ನೀರು ನೊಯ್ಯಲ್ ಹೊಳೆಯನ್ನು ಕೆಡಿಸಿ ಕೆಳಗಿನ ರೈತರ ಹೊಲಗಳಿಗೆ ಕೇಡು ತಂದಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆಜ್ಞೆಯಂತೆ 700ಕ್ಕೂ ಹೆಚ್ಚು ಘಟಕಗಳು ಮುಚ್ಚಿದವು. ಬಣ್ಣ ಹಾಕುವವರು ನಿಂತೊಡನೆ, ಯಾವ ತಪ್ಪನ್ನೂ ಮಾಡದಿದ್ದ ಸಣ್ಣ ಹೊಲಿಗೆಯವರ ಕೆಲಸಕ್ಕೂ ಧಕ್ಕೆ ತಗಲಿತು. ನೆರೆಯವನ ಹೊಲವನ್ನು ಹಾಳುಮಾಡಿ ನಡೆಸುವ ಉದ್ಯಮವು ತನ್ನ ವಿಪತ್ತನ್ನು ತಾನೇ ನೇಯುತ್ತಿರುತ್ತದೆ.

ಇನ್ನು 2020ರ ಮಾತು ಎಲ್ಲರಿಗೂ ನೆನಪಿರುವಂಥದು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಮದುವೆಗಳು ಮುಂದೂಡಲ್ಪಟ್ಟವು, ಮದುವೆಯ ಸೀರೆ ನೇಯುವ ಮಗ್ಗಗಳಿಗೆ ಕೆಲಸ ತಪ್ಪಿತು. 1877ರಂತೆಯೇ ಮಗ್ಗ ಗಟ್ಟಿಯಾಗಿತ್ತು, ಕೊಳ್ಳುವವರು ಇರಲಿಲ್ಲ. ಸಾಲದ ಕಂತುಗಳನ್ನು ಆಗಸ್ಟ್ 31ರವರೆಗೆ ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ ಸಣ್ಣ ಉದ್ಯಮಗಳಿಗೆ ತುರ್ತು ಸಾಲದ ಯೋಜನೆಯೊಂದು ಬಂದು, ಫೆಬ್ರವರಿ 29ರಂದು ಬಾಕಿಯಿದ್ದ ಸಾಲದ ನೂರಕ್ಕೆ 20ರಷ್ಟು ಹೊಸ ಸಾಲವು ಸರ್ಕಾರದ ಖಾತರಿಯೊಡನೆ ದೊರೆಯುವಂತಾಯಿತು. ಈ ಯೋಜನೆಯ ಅಳತೆಗೋಲನ್ನು ವಾಚಕರು ಗಮನಿಸಬೇಕು. ಬ್ಯಾಂಕಿನಲ್ಲಿ ಮೊದಲೇ ಲೆಕ್ಕವಿದ್ದವನಿಗೆ ಅದು ತೆರೆದ ಬಾಗಿಲು. ಕೈಸಾಲದಲ್ಲಿ, ಬಾಯಿಮಾತಿನಲ್ಲಿ ವ್ಯವಹಾರ ನಡೆಸುತ್ತಿದ್ದವನಿಗೆ ಅದು ಮುಚ್ಚಿದ ಗೋಡೆ. ನೆರವು ಬರುವುದು ವಿಪತ್ತಿನ ಅನಂತರವಾದರೂ, ಅದನ್ನು ಪಡೆಯುವ ಅರ್ಹತೆ ವಿಪತ್ತಿನ ಮೊದಲೇ ಸಿದ್ಧವಾಗಿರಬೇಕು.

ಇಷ್ಟು ಇತಿಹಾಸದಿಂದ ನಮಗೆ ತಿಳಿದುಬರುವ ತತ್ತ್ವ ಒಂದೇ. ಚೇತರಿಕೆ ವಿಪತ್ತು ಕಳೆದ ಮೇಲೆ ಆರಂಭವಾಗುವ ಕೆಲಸವಲ್ಲ; ಒಂದೊಂದು ಎಳೆಗೂ ಎರಡನೆಯ ಎಳೆಯನ್ನು ಜೋಡಿಸಿಡುವ ನಿತ್ಯದ ಕೆಲಸ ಅದು. ನೇಕಾರರಿಗೆ ಈ ವಿವೇಕ ಹೊಸತೇನೂ ಅಲ್ಲ. ಮಳೆಗಾಲದಲ್ಲಿ ಬೀದಿಯಲ್ಲಿ ಹಾಸನ್ನು ಚಾಚಿ ಗಂಜಿ ಹಾಕಿ ಒಣಗಿಸಲಾಗದು, ಮಗ್ಗದ ಗುಂಡಿಗೆ ನೀರು ಜಿನುಗುವ ಭಯವೂ ಇರುತ್ತದೆಂದು ಅರಿತ ಮನೆಯವರು ಮೋಡ ಕವಿಯುವ ಮುನ್ನವೇ ಹಾಸನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ವರ್ಷವರ್ಷವೂ ಬರುವ ಮಳೆಗೆ ತೋರುವ ಈ ಮುನ್ನೋಟವನ್ನು ತಲೆಮಾರಿಗೊಮ್ಮೆ ಬರುವ ವಿಪತ್ತಿಗೂ ತೋರಬೇಕೆಂಬುದಷ್ಟೇ ನಮ್ಮ ಮಾತು.

ಶಿಕ್ಷಕರು ಇದನ್ನು ತರಗತಿಯಲ್ಲಿ ಸುಲಭವಾಗಿ ಮಾಡಿಸಬಹುದು. ಪ್ರತಿಯೊಂದು ಮಗುವೂ ತನ್ನ ಮನೆಯ ಅಥವಾ ನೆರೆಮನೆಯ ಕಸುಬನ್ನು ಹೆಸರಿಸಿ ಐದು ಪ್ರಶ್ನೆಗಳಿಗೆ ಉತ್ತರ ಬರೆದು ತರಲಿ. ಸರಕು ಎಷ್ಟು ಮಂದಿಯಿಂದ ಬರುತ್ತದೆ? ಅದನ್ನು ಕೊಳ್ಳುವವರು ಯಾರು ಯಾರು? ಒಂದು ತಿಂಗಳು ಗಿರಾಕಿಯೇ ಬಾರದಿದ್ದರೆ ಮನೆ ಯಾವುದರಿಂದ ನಡೆಯುತ್ತದೆ? ಲೆಕ್ಕದ ಪ್ರತಿ ಎಲ್ಲಿದೆ? ಮುಖ್ಯವಾದ ಕೆಲಸವನ್ನು ಬಲ್ಲವರು ಮನೆಯಲ್ಲಿ ಎಷ್ಟು ಮಂದಿ? ಯಾವ ಪ್ರಶ್ನೆಗೆ ‘ಒಬ್ಬರು’ ಅಥವಾ ‘ಇಲ್ಲ’ ಎಂಬ ಉತ್ತರ ಬರುವುದೋ ಅಲ್ಲಿಯೇ ಆ ಕಸುಬಿನ ನವುರಾದ ಎಳೆಯಿದೆ. ಮದುಕ್ಕರೈಯಂತಹ ಊರಿನಲ್ಲಿ ಒಂದೇ ಕಾರ್ಖಾನೆಯ ಸಂಬಳದ ದಿನವನ್ನು ನೆಚ್ಚಿದ ಅಂಗಡಿಯವನಿಗೂ, ಒಬ್ಬನೇ ಸಾವಕಾರನನ್ನು ನೆಚ್ಚಿದ ನೇಕಾರನಿಗೂ ಈ ಪರೀಕ್ಷೆಯಲ್ಲಿ ಭೇದವಿಲ್ಲ. ಮನೆಯ ಗುಟ್ಟುಗಳನ್ನು ತರಗತಿಯಲ್ಲಿ ಓದಿಸಬೇಕಾಗಿಲ್ಲ. ಮಗು ಬರೆದು ತಂದೆತಾಯಿಗಳಿಗೆ ತೋರಿಸಿದರೆ ಸಾಕು.

ಇದು ಪಾಠಶಾಲೆಗೆ ಸಂಬಂಧಿಸದ ವಿಷಯವೆಂದು ಕೆಲವರು ಆಕ್ಷೇಪಿಸಬಹುದು. ಕಸುಬು ನಿಂತ ಮನೆಯಲ್ಲಿ ಮೊದಲು ಕಡಿಯುವ ಖರ್ಚು ಬಟ್ಟೆಯದಾದರೆ, ಅದರ ಹಿಂದೆಯೇ ಕಡಿಯುವುದು ಮಗುವಿನ ಓದು. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ದಿನದಿನವೂ ಗೈರುಹಾಜರಿಯ ಗುರುತು ಬೀಳತೊಡಗಿದಾಗ ನಾವು ಮಗುವಿನ ಸೋಮಾರಿತನವನ್ನು ದೂರುತ್ತೇವೆ. ಅದೇ ಹೊತ್ತಿಗೆ ಆ ಮನೆಯಲ್ಲಿ ಯಾವುದೋ ಎಳೆ ಕಡಿದಿರಬಹುದು. ಒಮ್ಮೆ ದುಡಿಮೆಗೆ ಹೋದ ಮಗು ಶಾಲೆಗೆ ಮರಳುವುದು ಅಪರೂಪ. ಮಗ್ಗ ಮತ್ತೆ ನಡೆಯಬಹುದು, ಅಂಗಡಿ ಮತ್ತೆ ತೆರೆಯಬಹುದು. ತಪ್ಪಿದ ತರಗತಿ ಮಾತ್ರ ಮತ್ತೆ ಬಾರದು. ಆದಕಾರಣ ಸಣ್ಣ ಕಸುಬುಗಳ ಭದ್ರತೆ ವ್ಯಾಪಾರಿಗಳ ಚಿಂತೆಯಾಗಿರುವಷ್ಟೇ ಶಿಕ್ಷಕರ ಚಿಂತೆಯೂ ಆಗಿರುವುದು ಯುಕ್ತವೆಂದು ನಾವು ನಂಬುತ್ತೇವೆ.